ಮೋರಿ ಕೇಳಿದೆವು, ಮಸೂದೆ ಮರೆತೆವು

ಶಾಸಕರು ಊರಿಗೆ ಬಂದಾಗ ನಾವು ಕೇಳುವುದೇನು? ಮೋರಿ, ರಸ್ತೆ, ಟ್ರಾನ್ಸ್‌ಫಾರ್ಮರ್. ಕೇಳಬೇಕಾದ್ದೇ. ಆದರೆ ಅವರ ಮುಖ್ಯ ಕೆಲಸ ಕಾನೂನು ಮಾಡುವುದು. ಆ ಬಗ್ಗೆ ನಾವು ಬಾಯಿ ಬಿಡುವುದೇ ಇಲ್ಲ.

ನಮ್ಮ ರಾಜ್ಯದ 2020ರ ಭೂಸುಧಾರಣಾ ತಿದ್ದುಪಡಿಯನ್ನೇ ನೋಡಿ. ಕೃಷಿಕರಲ್ಲದವರು, ಹೊರಗಿನ ವರಮಾನ ಹೆಚ್ಚಿದ್ದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು ಜುಲೈಯಲ್ಲಿ ಸುಗ್ರೀವಾಜ್ಞೆ ತೆಗೆದುಹಾಕಿತು. ವಿಧಾನಸಭೆ ಸೆಪ್ಟೆಂಬರಿನಲ್ಲಿ ಒಪ್ಪಿತು. ಪರಿಷತ್ತಿನಲ್ಲಿ ಪಾಸಾದದ್ದು ಡಿಸೆಂಬರಿನಲ್ಲಿ. ನಡುವೆ ಅಷ್ಟು ಸಮಯವಿತ್ತು. ನಮ್ಮಲ್ಲಿ ಎಷ್ಟು ಮಂದಿ ಶಾಸಕರನ್ನು ಕಂಡು 'ನೀವು ಯಾವ ಕಡೆ?' ಅಂತ ಕೇಳಿದ್ದೇವೆ?

ಮಸೂದೆ ಮಂಡನೆಯಾದ ಮೇಲೆ ಚರ್ಚೆ, ಕಲಮುವಾರು ಪರಿಶೀಲನೆ, ಮತ. ಈ ಹಂತದಲ್ಲಿ ಶಾಸಕರು ತಿದ್ದುಪಡಿ ಸೂಚಿಸಬಹುದು. ಎರಡೂ ಸದನ ದಾಟಿ ರಾಜ್ಯಪಾಲರ ಅಂಕಿತ ಬಿತ್ತೋ, ಅದು ಕಾನೂನು. ಆಮೇಲೆ ಮನವಿ ಕೊಡುವುದೆಂದರೆ ಹೊಳೆ ಬತ್ತಿದ ಮೇಲೆ ಕಟ್ಟ ಹಾಕಿದ ಹಾಗೆ.

ಆದ್ದರಿಂದ ಅಧಿವೇಶನಕ್ಕೆ ಮೊದಲೇ ನಾಲ್ಕು ಜನ ಸೇರಿ ಹೋಗಿ. ಇಂಥ ಕಲಮಿನಿಂದ ನಮಗೆ ಹೀಗಾಗುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆದುಕೊಡಿ. ಅವರು ಊರಿಗೆ ಮರಳಿದಾಗ, ಸದನದಲ್ಲಿ ಏನು ಮಾತಾಡಿದಿರಿ ಅಂತ ಕೇಳಿ. ಮೋರಿಯ ಜೊತೆ ಈ ಪ್ರಶ್ನೆಯೂ ಇರಲಿ.