ಕಟ್ಟಿಗೆ ಸಾಮಾನಿನ ಜೋಪಾನ



ಮಾನವಮಿ ಹತ್ತಿರ ಬಂತೆಂದರೆ ನಮ್ಮ ವಿಜಯಪುರ ಸೀಮೆಯ ಊರುಗಳಲ್ಲಿ ಒಂದು ನೋಟ ತಪ್ಪುವುದಿಲ್ಲ. ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೆ. ಮಂಚ, ಪೆಟ್ಟಿಗೆ, ಕಪಾಟು, ಮಣೆಗಳೆಲ್ಲ ಅಂಗಳಕ್ಕೆ. ಬಟ್ಟೆ ಸೋಡಾ ಕಲಸಿದ ನೀರನ್ನು ಕೊಡಗಟ್ಟಲೆ ಸುರಿದು, ನಾರಿನಿಂದ ತಿಕ್ಕಿ, ಬಿಸಿಲಿಗೆ ಒಡ್ಡಿದರೆ ಮನೆಯವರಿಗೆ ಸಮಾಧಾನ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವುದು ಒಳ್ಳೆಯ ರೂಢಿಯೇ. ಆದರೆ ಬಟ್ಟೆಯನ್ನು ತೊಳೆದಂತೆ ಕಟ್ಟಿಗೆಯನ್ನು ತೊಳೆಯಬಾರದು. ಇಂದಿನ ಮಾತೆಲ್ಲ ಇಷ್ಟರ ಮೇಲೆಯೇ.

ಈ ತಪ್ಪನ್ನು ನಾನೂ ಮಾಡಿದವನೇ. ನಮ್ಮ ತಾಯಿಯವರು ತವರಿನಿಂದ ತಂದ ಸಾಗವಾನಿ ಪೆಟ್ಟಿಗೆಯೊಂದು ಮನೆಯಲ್ಲಿತ್ತು. ಒಂದು ಬೇಸಿಗೆಯಲ್ಲಿ ಅದನ್ನು ಸೋಡಾ ನೀರಿನಿಂದ ತೊಳೆದು ಅಂಗಳದಲ್ಲಿಟ್ಟೆ. ಸಂಜೆಗೆ ಮುಚ್ಚಳ ಡೊಂಕಾಗಿ ಕೊಂಡಿ ಬೀಳದಾಯಿತು. ಹೊಂಬಣ್ಣ ಹೋಗಿ ಕಪ್ಪು ತಿರುಗಿತು. ದುರಸ್ತಿಗೆ ಬಂದ ಬಡಿಗೇರ ಹಿರಿಯರು ನೋಡಿ ನಕ್ಕರು. "ಸಾಹೇಬ್ರ, ಯಾವ ಬೆಳಿಗೆ ಎಷ್ಟು ನೀರು ಅಂತ ಊರಿಗೆಲ್ಲಾ ಹೇಳ್ತೀರಿ. ಪೆಟಿಗಿಗೆ ನೀರು ಬ್ಯಾಡಂತ ನಿಮಗ್ಯಾರೂ ಹೇಳಲಿಲ್ಲೇನ್ರಿ?" ಎಂದರು. ಅವರ ಮಾತು ನಿಜವೇ ಆಗಿತ್ತು.

ಹೀಗಾಗುವುದು ಯಾಕೆ? ಕಡಿದು, ಕೊರೆದು, ಒಣಗಿಸಿದ ಮೇಲೂ ಕಟ್ಟಿಗೆಯು ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಬಿಡುತ್ತದೆ. ತೇವ ಹೀರಿದಾಗ ಅಡ್ಡಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನೂ, ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅದೇ ಬಾಗಿಲಲ್ಲಿ ಸಂದು ಬಿಡುವುದನ್ನೂ ನೀವು ಕಂಡೇ ಇದ್ದೀರಿ. ನೀರು ಸುರಿದು ಬಿಸಿಲಿಗಿಟ್ಟರೆ ಮೇಲಿನ ಮೈ ಬೇಗ ಒಣಗಿ ಕುಗ್ಗುತ್ತದೆ, ಕೆಳಗಿನದು ಹಸಿಯಾಗಿಯೇ ಇರುತ್ತದೆ. ಆಗ ಹಲಗೆ ಡೊಂಕಾಗುತ್ತದೆ, ಬೆಸುಗೆ ಸಡಿಲುತ್ತದೆ. ಇನ್ನು ಸೋಡಾ ಕಟ್ಟಿಗೆಯ ಒಳಗಿನ ಒಗರು ಅಂಶದೊಡನೆ ಕೂಡಿ ಅದನ್ನು ಕಪ್ಪಾಗಿಸುತ್ತದೆ. ಮೇಲಾಗಿ ನಮ್ಮ ಜಿಲ್ಲೆಗೆ ಹೆಚ್ಚು ಮಳೆ ಬೀಳುವುದು ಸಪ್ಟೆಂಬರ ತಿಂಗಳಲ್ಲಿ. ಹಬ್ಬದ ತೊಳೆಯುವಿಕೆ ಅದರ ಬೆನ್ನಿಗೇ ಬರುವುದರಿಂದ ಸಂದುಗಳಿಗೆ ಹೊಕ್ಕ ನೀರು ಬೇಗ ಆರುವುದಿಲ್ಲ.

ಹಾಗಾದರೆ ಸ್ವಚ್ಛ ಮಾಡುವ ರೀತಿ ಯಾವುದು? ಮೊದಲು ಸಾಮಾನನ್ನು ನೆರಳಿನಲ್ಲಿಡಿರಿ. ಒಣ ಅರಿವೆಯಿಂದ ಧೂಳು ತೆಗೆಯಿರಿ. ಸಂದುಗೊಂದಿಗಳಿಗೆ ಮೆತ್ತನೆಯ ಕುಂಚ ಸಾಕು. ಅರ್ಧ ಕೊಲೆ ಇಲ್ಲಿಯೇ ಹೋಗುತ್ತದೆ. ಆಮೇಲೆ ಒಂದು ಬೋಗುಣಿ ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪವೇ ಮೈ ಸಾಬೂನು ಕರಗಿಸಿರಿ. ಅರಿವೆಯನ್ನು ಅದರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಕಟ್ಟಿಗೆಯ ಗೆರೆ ಹೋದ ದಿಕ್ಕಿನಲ್ಲಿಯೇ ಒರೆಸಿರಿ. ಒಂದು ಗೇಣು ಒರೆಸಿದೊಡನೆ ಆ ಭಾಗವನ್ನು ಒಣ ಅರಿವೆಯಿಂದ ಒತ್ತಿ ಒರೆಸಿ ಮುಂದೆ ಸಾಗಿರಿ. ಕೊನೆಗೆ ಎರಡು ದಿವಸ ಗಾಳಿಯಾಡುವ ನೆರಳಿನಲ್ಲಿ ಬಿಡಿರಿ. ಪಾಲಿಶ್ ಅಥವಾ ಬಣ್ಣ ಹಚ್ಚಿದ ಸಾಮಾನಿಗೆ ಇಷ್ಟೇ ಸಾಕು.

ಬರಿಮೈ ಕಟ್ಟಿಗೆಗೆ ವರ್ಷಕ್ಕೊಮ್ಮೆ ಎಣ್ಣಿ ಬೇಕು. ಮನೆಯಲ್ಲಿ ಶೇಂಗಾ ಎಣ್ಣಿ ಇದೆಯೆಂದು ಅದನ್ನೇ ಹಚ್ಚಬ್ಯಾಡ್ರಿ. ಅದು ಒಣಗುವ ಎಣ್ಣಿಯಲ್ಲ. ಜಿಗುಟಾಗಿ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸಿ ಎಣ್ಣಿ ಹಾಗಲ್ಲ. ಅದು ಗಾಳಿ ಕೂಡಿ ಗಟ್ಟಿಯಾಗಿ ಕಟ್ಟಿಗೆಯ ಮೇಲೆ ತೆಳುವಾದ ಪದರು ಕಟ್ಟುತ್ತದೆ. ಹಸಿ ಎಣ್ಣಿ ಒಣಗಲು ಹಲವು ದಿನ ಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸಿ ಎಣ್ಣಿ ಬೇಗ ಒಣಗುತ್ತದೆ. ಮನೆಯಲ್ಲಿ ಕಾಯಿಸುವ ಸಾಹಸ ಬೇಡ. ಅರಿವೆಯಿಂದ ತೆಳ್ಳಗೆ ಹಚ್ಚಿ, ಕಾಲು ತಾಸಿನ ನಂತರ ಉಳಿದುದನ್ನೆಲ್ಲ ಒರೆಸಿ ತೆಗೆಯಿರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಗಸಿ ಎಣ್ಣಿ ಒಣಗುವಾಗ ಕಾವು ಹುಟ್ಟುತ್ತದೆ. ಎಣ್ಣಿಯ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಆ ಕಾವು ಹೊರಗೆ ಹೋಗಲಾರದೆ, ಕಿಡಿ ತಾಗದೆಯೇ ಬೆಂಕಿ ಹೊತ್ತಬಹುದು. ಪಕ್ಕದಲ್ಲಿ ಕಣಕಿ ಬಣವಿಯೋ ಹೊಟ್ಟಿನ ಕೋಣೆಯೋ ಇದ್ದರೆ ಗತಿಯೇನು? ಆದ್ದರಿಂದ ಅರಿವೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಿರಿ, ಇಲ್ಲವೆ ನೀರಿನಲ್ಲಿ ಮುಳುಗಿಸಿಡಿರಿ.

ಇನ್ನು ಹುಳದ ಮಾತು. ಮಂಚದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದು, ಕಟ್ಟಿಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಅದು ಕಟ್ಟಿಗೆ ಕೊರೆಯುವ ಹುಳ. ಗೋಡೆಯಿಂದ ಮಣ್ಣಿನ ದಾರಿ ಏರಿ ಬಂದು, ಕಟ್ಟಿಗೆ ಬಡಿದರೆ ಟೊಳ್ಳು ಸಪ್ಪಳ ಬಂದರೆ ಅದು ಗೆದ್ದಲು. ಪುಡಿ ಕಂಡಲ್ಲಿ ಗುಡಿಸಿ, ಕೆಳಗೆ ಕರಿ ಕಾಗದ ಹಾಸಿರಿ. ಮತ್ತೆ ಪುಡಿ ಬಿದ್ದರೆ ಹುಳ ಒಳಗೆ ಇರುವ ಸಂಭವ ಹೆಚ್ಚು. ಬಡಿಗೇರರನ್ನು ಕರೆದು ಆ ತುಂಡನ್ನು ಬದಲಿಸಿರಿ. ಪುಡಿ ಮಾಡುವ ಈ ಹುಳಕ್ಕೆ ಬೇಕಾದುದು ಹೊರಮೈಯ ಬಿಳಿ ಭಾಗದಲ್ಲಿರುವ ಪಿಷ್ಟ. ಒಳಗಿನ ಕೆಚ್ಚನ್ನು ಅದು ಬಯಸದು. ನಮ್ಮ ಹಿರಿಯರು ಜಾಲಿಯ ದಿಮ್ಮಿಗಳನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಬಂಡಿಗೆ, ಕೂರಿಗೆಗೆ ಬಳಸುತ್ತಿದ್ದುದು ಆ ಪಿಷ್ಟ ಹೋಗಲೆಂದೇ. ಹಸಿ ದಿಮ್ಮಿಗೆ ನೀರು ಮದ್ದು, ಮಾಡಿ ಮುಗಿಸಿದ ಸಾಮಾನಿಗೆ ಅದೇ ನೀರು ವೈರಿ.

ಗೆದ್ದಲಿಗೆ ಬೇಕಾದುದು ತೇವ ಮತ್ತು ಮರೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿರಿ. ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆ ಕೊಡಿರಿ. ತಿಂಗಳಿಗೊಮ್ಮೆ ಹಿಂಭಾಗವನ್ನು ನೋಡಿರಿ. ಹೊಲದ ಉತಾರ, ಬ್ಯಾಂಕಿನ ಕಾಗದಗಳನ್ನು ಕಪಾಟಿನ ತಳದಲ್ಲಿಡದೆ ಮೇಲಿನ ಅರೆಯಲ್ಲಿ ತಗಡಿನ ಡಬ್ಬಿಯೊಳಗಿಡಿರಿ. ವಿಜಯಪುರದ ಅಸರ ಮಹಲು ಕಟ್ಟಿದ್ದು 1646ರ ಸುಮಾರಿಗೆ. ಅದರ ಮುಂಭಾಗದಲ್ಲಿರುವ ಎತ್ತರದ ಕಟ್ಟಿಗೆ ಕಂಬಗಳನ್ನು ಒಮ್ಮೆ ನೋಡಿ ಬನ್ನಿರಿ. ನೆತ್ತಿಗೆ ಮಳೆ ತಾಗದಂತೆ ಕಾದರೆ ಒಳ್ಳೆಯ ಕಟ್ಟಿಗೆ ಎಷ್ಟು ತಲೆಮಾರು ಬಾಳುತ್ತದೆಂಬುದು ಅಲ್ಲಿ ತಿಳಿಯುತ್ತದೆ.

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ತೋಟವಿರುವ ಮನೆಗಳಲ್ಲಿ ಸಿಂಪಡಿಸುವ ಔಷಧ ಇದ್ದೇ ಇರುತ್ತದೆ. ತಿಕೋಟಾ ಕಡೆಯ ಒಂದು ಮನೆಗೆ ನಾನು ಹೋದಾಗ ಮಗಳು ಬಾಣಂತನಕ್ಕೆ ಬರುವುದಿತ್ತು. ಮೂರು ತಲೆಮಾರು ತೂಗಿದ ತೊಟ್ಟಿಲನ್ನು ಅಟ್ಟದಿಂದ ಇಳಿಸಿದ್ದರು. ಹುಳ ಹಿಡಿದಿದೆಯೆಂದು ತೋಟದಲ್ಲಿ ಉಳಿದ ಔಷಧವನ್ನೇ ಮನೆಯ ಯಜಮಾನರು ಅದಕ್ಕೆ ಬಳಿದಿದ್ದರು. "ತೊಳದ್ರ ಹೋಗ್ತೈತಲ್ರಿ?" ಎಂದು ಅಜ್ಜಿ ಕೇಳಿದರು. ಹೋಗುವುದಿಲ್ಲವೆಂದು ಹೇಳದೆ ನನಗೆ ಗತ್ಯಂತರವಿರಲಿಲ್ಲ. ಕಟ್ಟಿಗೆ ಹೀರಿದ ವಿಷ ಒಳಗೇ ಉಳಿಯುತ್ತದೆ. ಕೂಸು ಅದನ್ನು ಮುಟ್ಟುತ್ತದೆ, ಬಾಯಿ ಹಚ್ಚುತ್ತದೆ. ಆ ತೊಟ್ಟಿಲನ್ನು ಬಳಸುವಂತಿಲ್ಲ, ಹೊಗೆಯಲ್ಲಿ ವಿಷವಿರುವುದರಿಂದ ಒಲೆಗೂ ಹಾಕುವಂತಿಲ್ಲ. ಅಜ್ಜಿ ಮಾತಾಡಲಿಲ್ಲ. ಕೂಸಿಗೆ ಸೀರೆಯ ಜೋಳಿಗೆ ಕಟ್ಟಿದರೆಂದು ಆಮೇಲೆ ತಿಳಿಯಿತು.

ಬೆಳೆಯ ಔಷಧ ಬೆಳೆಗೇ ಇರಲಿ. ಯಂತ್ರದಿಂದ ತೆಗೆದ ಕರಿ ಎಣ್ಣಿಯೂ ಮಲಗುವ ಮಂಚಕ್ಕೆ ಬೇಡ. ಮನೆಗೆಲ್ಲ ಗೆದ್ದಲು ಹಬ್ಬಿದ್ದರೆ ಪರವಾನಗಿ ಪಡೆದ ಕೀಟ ನಿಯಂತ್ರಕರನ್ನೇ ಕರೆಸಿರಿ.

ಒಣ ಅರಿವೆ, ಹಿಂಡಿದ ಅರಿವೆ, ನೆರಳು, ತೆಳುವಾದ ಅಗಸಿ ಎಣ್ಣಿ ಇವಿಷ್ಟೇ ಬೇಕಾದ ಸಾಮಗ್ರಿ. ಬರುವ ಮಾನವಮಿಗೆ ಒಂದು ಮಣೆಯ ಮೇಲಾದರೂ ಮಾಡಿ ನೋಡಿರಿ. ಮೆಚ್ಚಿದರೆ ಮಂಚ, ಪೆಟ್ಟಿಗೆಗಳಿಗೂ ಮಾಡಿರಿ.