ಹೊಟ್ಟೆ ಕೆಟ್ಟಿತು, ಕಾಲು ಸೋತಿತು

ಮನೆಯೊಂದರಲ್ಲಿ ನಾಲ್ಕೈದು ವರ್ಷದ ನಾಯಿಯೊಂದು ಇದೆಯೆಂದು ಇಟ್ಟುಕೊಳ್ಳೋಣ. ಒಂದು ದಿನ ಅದರ ಹೊಟ್ಟೆ ಕೆಟ್ಟಿತು. ಎರಡು ದಿನ ಭೇದಿಯಾಯಿತು, ಒಂದೆರಡು ಸಲ ವಾಂತಿಯೂ ಆಯಿತು. ಮನೆಯವರು ಮೊಸರನ್ನ ಹಾಕಿದರು. ಮೂರನೆಯ ದಿನ ನಾಯಿ ಮೊದಲಿನಂತಾಯಿತು. ಎಲ್ಲರೂ ಆ ಸಂಗತಿಯನ್ನು ಮರೆತರು. ಹೀಗೆ ಒಂದು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ, ಜಗುಲಿಯ ಮೆಟ್ಟಿಲನ್ನು ಹತ್ತಲು ಹೋದ ನಾಯಿಯ ಹಿಂಗಾಲುಗಳು ಕುಸಿದವು. ಸಂಜೆಯ ಹೊತ್ತಿಗೆ ಅದು ಹಿಂಭಾಗವನ್ನು ನೆಲದ ಮೇಲೆ ಎಳೆಯತೊಡಗಿತು. ಮರುದಿನ ಮುಂಗಾಲುಗಳೂ ಬಲಗುಂದಿದವು. ಬೊಗಳಲು ಬಾಯಿ ತೆರೆದರೆ ಸೀಳಿದ ಕೊಳಲಿನಿಂದ ಹೊರಟಂಥ ಕ್ಷೀಣವಾದ ದನಿ. ಆದರೆ ಮನೆಯ ಯಜಮಾನನನ್ನು ಕಂಡೊಡನೆ ಬಾಲ ಮಾತ್ರ ಎಂದಿನಂತೆಯೇ ಆಡಿತು!

ಭೇದಿಯಿಂದ ನಿತ್ರಾಣವಾಗಿದೆ, ನಾಲ್ಕು ದಿನ ಚೆನ್ನಾಗಿ ತಿಂದರೆ ಸರಿಹೋದೀತು ಎಂದು ಮನೆಯವರು ಭಾವಿಸುವುದು ಸಹಜ. ಈ ಊಹೆ ಪೂರ್ತಿ ನಿರಾಧಾರವಾದುದೇನೂ ಅಲ್ಲ. ವಾಂತಿ ಭೇದಿಗಳಲ್ಲಿ ನೀರಿನೊಡನೆ ಪೊಟ್ಯಾಸಿಯಂ ಮುಂತಾದ ಲವಣಗಳು ನಷ್ಟವಾಗಿ ಸ್ನಾಯುಗಳು ಬಲಗುಂದುವುದುಂಟು. ಆದರೆ ಅಂಥ ನಿಶ್ಶಕ್ತಿ ಭೇದಿಯಾಗುತ್ತಿರುವಾಗಲೇ ಕಾಣಿಸಿಕೊಳ್ಳಬೇಕು. ಲವಣಗಳು ಮತ್ತೆ ಕೂಡಿಕೊಂಡಂತೆ ಕಡಮೆಯಾಗಬೇಕು. ಹೊಟ್ಟೆ ಸರಿಹೋಗಿ ಒಂದು ವಾರ ಕಳೆದ ಮೇಲೆ ಕಾಲು ಸೋಲಲು ಕಾರಣವೇನು? ಆ ಒಂದು ವಾರ ದೇಹದೊಳಗೆ ಏನು ನಡೆಯುತ್ತಿತ್ತು? ನಮ್ಮ ಕಥೆಯೆಲ್ಲ ಈ ಪ್ರಶ್ನೆಯಲ್ಲಿದೆ.

ಪಶುವೈದ್ಯರು ಇಂಥ ನಾಯಿಯನ್ನು ಪರೀಕ್ಷಿಸುವ ಕ್ರಮವನ್ನು ನಾವು ಗಮನಿಸೋಣ. ಅವರು ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಮಂಡಿಚಿಪ್ಪಿನ ಕೆಳಗೆ ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಆರೋಗ್ಯವಾಗಿರುವ ನಾಯಿಯ ಕಾಲು ಕೂಡಲೇ ಮುಂದಕ್ಕೆ ಚಿಮ್ಮುತ್ತದೆ. ವಾಚಕರು ತಮ್ಮ ಮೇಲೆಯೇ ಇದನ್ನು ಮಾಡಿ ನೋಡಬಹುದು: ಕುರ್ಚಿಯ ಮೇಲೆ ಕುಳಿತು, ಒಂದು ಕಾಲಿನ ಮೇಲೆ ಇನ್ನೊಂದನ್ನು ಸಡಿಲವಾಗಿ ಇಟ್ಟು, ಮಂಡಿಚಿಪ್ಪಿನ ಕೆಳಗೆ ಅಂಗೈಯ ಅಂಚಿನಿಂದ ತಟ್ಟಿದರೆ ಸಾಕು. 1875ರಲ್ಲಿ ಜರ್ಮನಿಯ ಅರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ವೈದ್ಯರು, ಒಬ್ಬರನ್ನೊಬ್ಬರು ಅವಲಂಬಿಸದೆ, ಈ ಚಿಮ್ಮುವಿಕೆಯನ್ನು ವರ್ಣಿಸಿದರು. ತಟ್ಟಿದಾಗ ತೊಡೆಯ ಸ್ನಾಯು ಎಳೆಯಲ್ಪಡುತ್ತದೆ. ಆ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಮೆದುಳಿನ ಅಪ್ಪಣೆಗಾಗಿ ಕಾಯದೆ ಅಲ್ಲಿಂದಲೇ ಉತ್ತರ ಹೊರಟು ಸ್ನಾಯುವನ್ನು ಮುಟ್ಟುತ್ತದೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಬೆನ್ನುಹುರಿಯನ್ನು ಕೂಡುವಲ್ಲಿ ನರವು ಎರಡು ಮೂಲಗಳಾಗಿ ಕವಲೊಡೆಯುತ್ತದೆ. ನಾಯಿಯಲ್ಲಿ ಒಂದು ಮೇಲಣ ಮೂಲ, ಒಂದು ಕೆಳಗಣ ಮೂಲ. ಸ್ಪರ್ಶ, ನೋವು ಮೊದಲಾದ ಸುದ್ದಿಗಳು ಮೇಲಣ ಮೂಲದಿಂದ ಒಳಹೋಗುತ್ತವೆ. ಚಲನೆಯ ಆಜ್ಞೆಗಳು ಕೆಳಗಣ ಮೂಲದಿಂದ ಹೊರಬರುತ್ತವೆ. ಇದನ್ನು ಫ್ರಾನ್ಸಿನ ಮಾಜೆಂಡಿ 1822ರಲ್ಲಿ ನಾಯಿಮರಿಗಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದನು. ಅರಿವಳಿಕೆಯ ಔಷಧಗಳಿಲ್ಲದ ಆ ಕಾಲದ ಪ್ರಯೋಗವನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಈಗ ನಮ್ಮ ನಾಯಿಗೆ ಬರೋಣ. ಅದರ ಮಂಡಿಯನ್ನು ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಆದರೆ ಕಾಲ್ಬೆರಳನ್ನು ಚಿವುಟಿದರೆ ತಲೆ ತಿರುಗಿಸಿ ನೋಡುತ್ತದೆ, ಕುಂಯ್‌ಗುಟ್ಟುತ್ತದೆ. ಸುದ್ದಿ ಒಳಗೆ ಹೋಗುತ್ತಿದೆ. ಆಜ್ಞೆ ಹೊರಗೆ ಬರುತ್ತಿಲ್ಲ. ಬೆನ್ನಿನ ನಡುವೆ ಕಶೇರುಗಳ ನಡುವಣ ಬಿಲ್ಲೆ ಜಾರಿ ಬೆನ್ನುಹುರಿಯನ್ನು ಒತ್ತಿದ್ದರೆ (ಗಿಡ್ಡ ಕಾಲಿನ ಉದ್ದ ಬೆನ್ನಿನ ಡ್ಯಾಕ್ಸ್‌ಹುಂಡ್ ತಳಿಗೆ ಇದು ಸಾಮಾನ್ಯ) ಪರಿಸ್ಥಿತಿ ಬೇರೆಯೇ ಆಗಿರುತ್ತಿತ್ತು. ಆಗ ಮಂಡಿಯ ದಾರಿ ಕೆಡುವುದಿಲ್ಲ. ಮೆದುಳಿನ ಹಿಡಿತ ತಪ್ಪಿದುದರಿಂದ ಕಾಲು ಇನ್ನೂ ಜೋರಾಗಿಯೇ ಚಿಮ್ಮಬಹುದು. ಆದರೆ ಮೂತ್ರದ ಹಿಡಿತ ತಪ್ಪುವ ಸಂಭವ ಹೆಚ್ಚು. ನಮ್ಮ ನಾಯಿ ತಟ್ಟೆಯನ್ನು ಬಾಯಿಯ ಬಳಿ ಹಿಡಿದರೆ ಉಣ್ಣುತ್ತದೆ, ಮೂತ್ರದ ಹಿಡಿತ ತಪ್ಪಿಲ್ಲ, ಬಾಲವನ್ನೂ ಆಡಿಸುತ್ತದೆ. ಆದುದರಿಂದ ಕೆಟ್ಟಿರುವುದು ಬೆನ್ನುಹುರಿಯಲ್ಲ. ಅದರಿಂದ ಹೊರಡುವ ನರಗಳು, ಮುಖ್ಯವಾಗಿ ಕೆಳಗಣ ನರಮೂಲಗಳು. ಈ ರೋಗಕ್ಕೆ ವೈದ್ಯರು ಇಟ್ಟಿರುವ ಹೆಸರು ಪಾಲಿರ್ಯಾಡಿಕ್ಯುಲೊನ್ಯೂರೈಟಿಸ್. ಹೆಸರು ನಾಲಗೆಯನ್ನು ತೊಡರಿಸುವಂಥದು. ಅರ್ಥ ಮಾತ್ರ ಸರಳ: ಅನೇಕ ನರಮೂಲಗಳ ಉರಿಯೂತ.

ಇದು ಮೊದಲು ವಿಜ್ಞಾನಿಗಳ ಗಮನಕ್ಕೆ ಬಂದುದು ಹೊಟ್ಟೆಯ ರೋಗದ ಮೂಲಕವಲ್ಲ. ಅಮೆರಿಕದಲ್ಲಿ ರಕೂನ್ ಎಂಬ ಪ್ರಾಣಿಯ ಬೇಟೆಗೆಂದೇ ಸಾಕಿದ ಕೂನ್‌ಹೌಂಡ್ ನಾಯಿಗಳುಂಟು. ರಕೂನ್ ಕಚ್ಚಿದ ಒಂದೆರಡು ವಾರಗಳಲ್ಲಿ ಇವುಗಳ ಹಿಂಗಾಲು ಸೋಲುವುದನ್ನು ಬೇಟೆಗಾರರು ಕಂಡಿದ್ದರು. 1954ರಲ್ಲಿ ಈ ‘ಕೂನ್‌ಹೌಂಡ್ ಪಾರ್ಶ್ವವಾಯು’ವಿನ ಶಾಸ್ತ್ರೀಯ ವರ್ಣನೆ ಪ್ರಕಟವಾಯಿತು. ರಕೂನಿನ ಜೊಲ್ಲಿನಲ್ಲಿ ಏನೋ ಇದೆಯೆಂದು ತೀರ್ಮಾನಿಸಿ ಸುಮ್ಮನಾಗಬಹುದಾಗಿತ್ತು. ಆದರೆ ರಕೂನನ್ನು ಕಂಡೇ ಅರಿಯದ ದೇಶಗಳ ನಾಯಿಗಳಿಗೂ ಇದೇ ರೋಗ ಬರುತ್ತಿತ್ತು!

ಇದೇ ಬಗೆಯ ರೋಗ ಮನುಷ್ಯನಲ್ಲಿಯೂ ಉಂಟು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ 1916ರಲ್ಲಿ ಗೀಯಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರ ವಿಷಯವನ್ನು ಪ್ರಕಟಿಸಿದರು. ಕಾಲುಗಳ ಬಲ ಕುಂದಿತ್ತು, ಮಂಡಿಯ ಚಿಮ್ಮುವಿಕೆ ಇಲ್ಲವಾಗಿತ್ತು. ಬೆನ್ನುಹುರಿಯ ಸುತ್ತಣ ದ್ರವದಲ್ಲಿ ಪ್ರೋಟೀನು ಹೆಚ್ಚಿದ್ದರೂ ಬಿಳಿಯ ರಕ್ತಕಣಗಳು ಹೆಚ್ಚಿರಲಿಲ್ಲ. ಇಂದು ‘ಗೀಯಾನ್-ಬಾರೆ ಲಕ್ಷಣಕೂಟ’ವೆಂದು ಪ್ರಸಿದ್ಧವಾಗಿರುವುದು ಇದೇ. (ಮೂರನೆಯವನಾದ ಸ್ಟ್ರೋಲ್‌ನ ಹೆಸರು ದಾರಿಯಲ್ಲಿ ಬಿದ್ದುಹೋಯಿತು.) ನಾಯಿಯ ರೋಗ ಇದಕ್ಕೆ ಅಣ್ಣತಮ್ಮನೆನ್ನುವಷ್ಟು ಹೋಲುತ್ತದೆ. ಅನೇಕ ರೋಗಿಗಳು ತಮಗೆ ಒಂದೆರಡು ವಾರ ಹಿಂದೆ ಹೊಟ್ಟೆ ಕೆಟ್ಟಿತ್ತೆಂದು ಹೇಳುತ್ತಿದ್ದರಾದರೂ, ಹೊಟ್ಟೆಗೂ ಕಾಲಿಗೂ ಇರುವ ನಂಟು ಬಹುಕಾಲ ಬಿಡಿಸಲಾಗದ ಒಗಟಾಗಿಯೇ ಉಳಿಯಿತು.

ಇದಕ್ಕೆ ಕಾರಣವೂ ಉಂಟು. ಭೇದಿಯನ್ನುಂಟುಮಾಡುವ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಕ್ಯಾಂಪಿಲೊಬ್ಯಾಕ್ಟರ್ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಬೆಳೆಯುವಂಥದಲ್ಲ. ಬಾಗಿದ, ಸುರುಳಿಯಂಥ ಈ ಸೂಕ್ಷ್ಮಜೀವಿಗೆ ಗಾಳಿಯಲ್ಲಿರುವಷ್ಟು ಆಮ್ಲಜನಕ ಹಿಡಿಸದು. ಅದು ಚೆನ್ನಾಗಿ ಬೆಳೆಯುವುದು 42 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ. ಅಷ್ಟು ಬಿಸಿಯಾದ ಮೈ ಕೋಳಿಯದು! 1972ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿಗಳು ಭೇದಿಯಾದವರ ಮಲದಿಂದ ಇದನ್ನು ಸೋಸಿ ಬೆಳೆಸಿದರು. 1977ರಲ್ಲಿ ಇಂಗ್ಲೆಂಡಿನ ಸ್ಕಿರೋ ಎಂಬ ವೈದ್ಯ ಇದಕ್ಕಿಂತ ಸುಲಭವಾದ ವಿಧಾನವನ್ನು ತೋರಿಸಿಕೊಟ್ಟನು. ಆಮೇಲೆಯೇ ಇದು ಭೇದಿಯ ಮುಖ್ಯ ಕಾರಣಗಳಲ್ಲಿ ಒಂದೆಂದು ಜಗತ್ತಿಗೆ ತಿಳಿದುದು.

ಈ ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಸಕ್ಕರೆಯ ಅಣುಗಳ ಕೊಂಡಿಗಳಿವೆ. ನಮ್ಮ ನರಗಳ ಹೊರಪೊರೆಯಲ್ಲಿಯೂ ಗ್ಯಾಂಗ್ಲಿಯೊಸೈಡ್ ಎಂಬ ಪದಾರ್ಥಗಳಿದ್ದು, ಅವುಗಳ ತುದಿಯಲ್ಲಿ ಸಕ್ಕರೆಯ ಕೊಂಡಿಗಳೇ ಇವೆ. ಕೆಲವು ಕ್ಯಾಂಪಿಲೊಬ್ಯಾಕ್ಟರುಗಳ ಕೊಂಡಿಗೂ ನರದ ಕೊಂಡಿಗೂ ರೂಪದಲ್ಲಿ ಭೇದವಿಲ್ಲ. ಸೋಂಕು ತಗುಲಿದಾಗ ದೇಹವು ಶತ್ರುವಿನ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ತಯಾರಿಗೆ ಒಂದೆರಡು ವಾರ ಬೇಕು. ಅಷ್ಟರಲ್ಲಿ ಭೇದಿ ನಿಂತಿರುತ್ತದೆ, ಶತ್ರು ಬಹುಮಟ್ಟಿಗೆ ಸತ್ತಿರುತ್ತದೆ. ತುಂಬಿಕೊಂಡ ಪ್ರತಿಕಾಯಗಳು ಅದೇ ಗುರುತನ್ನು ನರದ ಮೇಲೆ ಕಂಡು, ಮನೆಯವನನ್ನೇ ಕಳ್ಳನೆಂದು ತಿಳಿದು ಬಡಿಯುತ್ತವೆ. ಆ ಒಂದು ವಾರದ ಲೆಕ್ಕ ಈಗ ಸರಿಹೊಂದಿತಲ್ಲವೆ? ಇದು ಬರಿಯ ತರ್ಕವಲ್ಲ. 2004ರಲ್ಲಿ ಜಪಾನಿನ ಯೂಕಿ ಮತ್ತು ಸಂಗಡಿಗರು ಕ್ಯಾಂಪಿಲೊಬ್ಯಾಕ್ಟರಿನ ಈ ಸಕ್ಕರೆ-ಕೊಬ್ಬಿನ ಪದಾರ್ಥವನ್ನು ಮಾತ್ರ ಮೊಲಗಳಿಗೆ ಚುಚ್ಚಿದರು. ಮೊಲಗಳ ಕಾಲು ಸೋತವು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಆರಂಭವಾಗಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಬಾಧಿಸಿದ ಗೀಯಾನ್-ಬಾರೆ ರೋಗದ ಹಾವಳಿಯಲ್ಲಿಯೂ ಹಲವು ರೋಗಿಗಳಲ್ಲಿ ಇದೇ ಬ್ಯಾಕ್ಟೀರಿಯಾ ಸಿಕ್ಕಿತು. ಕುಡಿಯುವ ನೀರಿನ ಮೇಲೆ ಸಂದೇಹ ಬಿದ್ದಿತು.

ಮನುಷ್ಯನಲ್ಲಿ ಹೀಗಾದರೆ ನಾಯಿಯಲ್ಲಿ? ಆಸ್ಟ್ರೇಲಿಯದಲ್ಲಿ ಹಲ್ಲು ಶುದ್ಧವಾಗಲೆಂದು ನಾಯಿಗಳಿಗೆ ಕೋಳಿಯ ಹಸಿ ಕುತ್ತಿಗೆಯನ್ನು ತಿನ್ನಿಸುವ ರೂಢಿಯುಂಟು. ಮೆಲ್ಬೋರ್ನ್ ವಿಶ್ವವಿದ್ಯಾನಿಲಯದ ಪಶುವೈದ್ಯರು ಈ ರೋಗದ 27 ನಾಯಿಗಳನ್ನೂ ರೋಗವಿಲ್ಲದ 47 ನಾಯಿಗಳನ್ನೂ ಹೋಲಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗಗ್ರಸ್ತವಾದ ನಾಯಿಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಸಿಗುವ ಸಂಭವ 9.4 ಪಟ್ಟು ಹೆಚ್ಚಾಗಿತ್ತು. ಅವುಗಳಲ್ಲಿ ನೂರಕ್ಕೆ 96ರಷ್ಟು ಹಸಿ ಕೋಳಿಮಾಂಸ ತಿಂದಿದ್ದವು. ರೋಗವಿಲ್ಲದವುಗಳಲ್ಲಿ ತಿಂದವು ನೂರಕ್ಕೆ 26 ಮಾತ್ರ. ಹೆಚ್ಚಾಗಿ ಸಿಕ್ಕ ಪ್ರಭೇದ ಸ್ವೀಡನ್ನಿನ ಉಪ್ಸಾಲ ನಗರದ ಹೆಸರು ಹೊತ್ತ ‘ಉಪ್ಸಾಲಿಯೆನ್ಸಿಸ್’. ಇದರಿಂದ ಹಸಿ ಕೋಳಿ ತಿಂದ ನಾಯಿಗಳೆಲ್ಲ ಕಾಲು ಸೋತು ಮಲಗುತ್ತವೆಂದು ತಿಳಿಯಬಾರದು. ಕೋಟಿಗಟ್ಟಲೆ ನಾಯಿಗಳು ತಿಂದು ಅರಗಿಸಿಕೊಳ್ಳುತ್ತವೆ, ರೋಗ ವಿರಳವಾದುದೇ. ಆದರೂ ಬೇಯಿಸಿದರೆ ಸಾಯುವ ಒಂದು ಬ್ಯಾಕ್ಟೀರಿಯಾಕ್ಕಾಗಿ ಈ ಗಂಡಾಂತರವನ್ನು ತಂದುಕೊಳ್ಳುವುದೇಕೆಂದು ನಮಗೆ ತೋರುತ್ತದೆ. ಕೋಳಿಯಂಗಡಿಯಿಂದ ತಂದ ಚೂರುಪಾರುಗಳನ್ನು ಕುದಿಸಿ, ಮೂಳೆ ತೆಗೆದು ಹಾಕಿದರಾಯಿತು.

ನಮ್ಮ ದೇಶದ ವಾಚಕರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಾಲು ಸೋಲುವುದು, ದನಿ ಒಡೆಯುವುದು ಇವು ರೇಬೀಸಿನ, ಅಂದರೆ ಹುಚ್ಚುನಾಯಿ ರೋಗದ, ಲಕ್ಷಣಗಳೂ ಹೌದು. ಆ ರೋಗ ಯಾವಾಗಲೂ ರೊಚ್ಚಿನಿಂದ ಬರುವುದಿಲ್ಲ. ಸದ್ದಿಲ್ಲದೆ ಬಂದು ಕಾಲು, ದವಡೆಗಳನ್ನು ಸೋಲಿಸುವ ಬಗೆಯೂ ಉಂಟು. ಆದುದರಿಂದ ಚುಚ್ಚುಮದ್ದು ಹಾಕಿಸಿರದ ನಾಯಿ ಹೀಗೆ ಬಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೇನೋ ಎಂದು ಬಾಯಿಗೆ ಕೈ ಹಾಕಬಾರದು. ಜೊಲ್ಲು ಸೋಕಿದ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ನರಿಜ್ವರವೆಂದೋ ಉಣ್ಣೆ ಕಡಿತವೆಂದೋ ಕೊಳೆತ ಮಾಂಸದ ವಿಷವೆಂದೋ ಬೇರೆ ಕಾರಣಗಳನ್ನು ಬಿಡಿಸಿ ನೋಡುವುದು ಪಶುವೈದ್ಯರ ಕೆಲಸ. ನಾಯಿ ಏದುಸಿರು ಬಿಡುತ್ತಿದ್ದರೆ ಒಂದು ಗಳಿಗೆಯನ್ನೂ ಕಳೆಯುವಂತಿಲ್ಲ. ಎದೆಯ ಸ್ನಾಯುಗಳೂ ಸೋತಾವು.

ರೋಗ ನರಮೂಲದ್ದೇ ಎಂದು ಗೊತ್ತಾದರೆ ಅದನ್ನು ತಟ್ಟನೆ ವಾಸಿಮಾಡುವ ಔಷಧವಿಲ್ಲ. ಉರಿಯೂತಕ್ಕೆ ಸಾಮಾನ್ಯವಾಗಿ ಕೊಡುವ ಸ್ಟೀರಾಯ್ಡುಗಳಿಂದ ಇದರಲ್ಲಿ ಪ್ರಯೋಜನ ಕಂಡುಬಂದಿಲ್ಲ. ಆದರೆ ಬಹುಪಾಲು ನಾಯಿಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ನರದ ಹೊದಿಕೆ ಮಾತ್ರ ಕೆಟ್ಟಿದ್ದರೆ ಅದು ಕೆಲವೇ ವಾರಗಳಲ್ಲಿ ಮರಳಿ ಕಟ್ಟಿಕೊಳ್ಳುತ್ತದೆ. ಒಳಗಣ ತಂತುವೇ ಹರಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದು ಬೆನ್ನಿನಿಂದ ಪಾದದವರೆಗೆ ಸಾಗಬೇಕು. ಅದಕ್ಕೆ ತಿಂಗಳುಗಳೇ ಬೇಕೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಅಲ್ಲಿಯವರೆಗೆ ನಾಯಿಯ ಜೀವ ಉಳಿಯುವುದು ಮನೆಯವರ ಶುಶ್ರೂಷೆಯಿಂದ. ದಪ್ಪನೆಯ ಮೆತ್ತೆ ಹಾಸಬೇಕು; ಹಗಲಿರುಳೂ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲವಾದರೆ ಹಾಸಿಗೆಹುಣ್ಣಾಗುತ್ತದೆ. ಎದೆಯನ್ನು ಎತ್ತಿ ಆನಿಸಿ ಹಿಡಿದು ಉಣಿಸಬೇಕು. ಕೀಲುಗಳು ಬಿಗಿಯದಂತೆ ನಾಲ್ಕು ಕಾಲುಗಳನ್ನೂ ದಿನಕ್ಕೆ ಹಲವು ಸಲ ಮಡಿಸಿ ಬಿಡಿಸಬೇಕು. ಕೆಲವು ನಾಯಿಗಳಿಗೆ ಮುಟ್ಟಿದರೂ ನೋವು, ಕೈ ಹಗುರವಾಗಿರಲಿ. ಬಲ ಸಾಮಾನ್ಯವಾಗಿ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ: ಮೊದಲು ಕುತ್ತಿಗೆ ಮತ್ತು ಮುಂಗಾಲು, ಕಡೆಗೆ ಹಿಂಗಾಲು. ಮುಂಗಾಲೂರಿ ಎದೆಯನ್ನೆತ್ತಿದ ನಾಯಿ ಮಾರನೆಯ ದಿನವೇ ಓಡೀತೆಂದು ಎಣಿಸಬಾರದು. ಹಿಂಗಾಲುಗಳ ಸರದಿ ಬರಲು ಇನ್ನೂ ಕೆಲವು ವಾರಗಳು ಹಿಡಿಯಬಹುದು. ಆ ವಾರಗಳಲ್ಲಿ ಅದರ ಹೊಟ್ಟೆಯ ಕೆಳಗೆ ಒಂದು ಪಂಚೆಯನ್ನು ಜೋಲಿಯಂತೆ ಹಾಯಿಸಿ, ಹಿಂಭಾಗವನ್ನು ಎತ್ತಿ ಹಿಡಿದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಬಹುದು.