ಆಟದೊಳಗಿನ ಅಲಂಕಾರ

ತುಮಕೂರು ಜಿಲ್ಲೆಯ ಗುಬ್ಬಿಯು ರಂಗಭೂಮಿಗೆ ಹೆಸರಾದ ಊರು. 1884ರಲ್ಲಿ ಅಲ್ಲಿ ಸ್ಥಾಪಿತವಾದ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನಾದ್ಯಂತ ಕೀರ್ತಿ ಪಡೆಯಿತು. ಇಂದಿಗೂ ಈ ಸೀಮೆಯ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ ಕುರುಕ್ಷೇತ್ರದ ಕಥೆಯನ್ನು ಆಡುತ್ತಾರೆ. ಗೆಲುವು ತನ್ನದೇ ಎಂದು ದುರ್ಯೋಧನನು ಗರ್ಜಿಸುವಾಗ, ಅವನ ತೊಡೆ ಮುರಿಯಲಿರುವ ಸಂಗತಿ ನೋಟಕರೆಲ್ಲರಿಗೂ ಗೊತ್ತು; ಅವನೊಬ್ಬನಿಗೆ ಗೊತ್ತಿಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಇದಕ್ಕೆ ‘ಡ್ರಮ್ಯಾಟಿಕ್ ಐರನಿ’ ಎಂದು ಹೆಸರು. ರಾತ್ರಿಯೆಲ್ಲ ಎಚ್ಚರವಿದ್ದು ಈ ರಸವನ್ನು ಸವಿದ ಬಾಲಕನೇ, ತರಗತಿಯಲ್ಲಿ ಅದರ ವ್ಯಾಖ್ಯೆಯನ್ನು ಪರಭಾಷೆಯಲ್ಲಿ ಬಾಯಿಪಾಠ ಮಾಡಬೇಕಾದಾಗ ಬೆದರುತ್ತಾನೆ. ಇದು ಅವನ ಬುದ್ಧಿಯ ಕೊರತೆಯಲ್ಲ. ಅನುಭವಕ್ಕೂ ಹೆಸರಿಗೂ ನಡುವೆ ಸೇತುವೆ ಇಲ್ಲದಿರುವುದೇ ಇದಕ್ಕೆ ಕಾರಣ.

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಬೋಧನೆಯ ಹಳೆಯ ಸೂತ್ರ. ಇಂದಿನ ಮಕ್ಕಳಿಗೆ ವಿಡಿಯೊ ಆಟಗಳು ಚೆನ್ನಾಗಿ ತಿಳಿದಿವೆ. ಒಳ್ಳೆಯ ಆಟಗಳಲ್ಲಿ ಕಲಿಕೆಯ ತತ್ತ್ವಗಳು ಅಡಗಿವೆಯೆಂದು ಅಮೆರಿಕದ ಭಾಷಾವಿದ್ವಾಂಸ ಜೇಮ್ಸ್ ಪಾಲ್ ಗೀ ಅವರು 2003ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು.

1985ರಲ್ಲಿ ಜಪಾನಿನಲ್ಲಿ ಹೊರಬಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟವನ್ನು ನೋಡಬಹುದು. ನಾಯಕನು ಎಷ್ಟೋ ಅಪಾಯಗಳನ್ನು ದಾಟಿ ಒಂದೊಂದು ಕೋಟೆಯನ್ನು ಹೊಕ್ಕಾಗಲೂ ರಾಜಕುಮಾರಿ ಅಲ್ಲಿರುವುದಿಲ್ಲ. ಎಂಟನೆಯ ಲೋಕದ ಕೊನೆಯಲ್ಲಿಯೇ ಆಕೆ ದೊರೆಯುವುದು. ನಿರೀಕ್ಷಿಸಿದುದೊಂದು, ನಡೆದುದು ಮತ್ತೊಂದು. ಇದು ಸನ್ನಿವೇಶದ ವ್ಯಂಗ್ಯ. 1980ರ ‘ಮಿಸೈಲ್ ಕಮಾಂಡ್’ ಇನ್ನೂ ಗಂಭೀರವಾದುದು. ಆಟಗಾರನು ಆರು ನಗರಗಳನ್ನು ಕ್ಷಿಪಣಿಗಳಿಂದ ಕಾಯಬೇಕು. ಎಷ್ಟು ಜಾಣ್ಮೆಯಿಂದ ಆಡಿದರೂ ಅದರಲ್ಲಿ ಅಂತಿಮ ವಿಜಯವೆಂಬುದಿಲ್ಲ. ನಗರಗಳೆಲ್ಲ ನಾಶವಾದಾಗಲೇ ಆಟ ಮುಗಿಯುತ್ತದೆ. ಅಣುಯುದ್ಧದಲ್ಲಿ ಗೆದ್ದವರಿಲ್ಲ ಎಂಬ ಮಾತನ್ನು ಅದು ಒಂದು ಶಬ್ದವನ್ನೂ ಆಡದೆ ಹೇಳುತ್ತದೆ. ಸಂಕೇತದ ಶಕ್ತಿ ಇಂತಹುದು.

ಯಂತ್ರವಿಲ್ಲದ ಶಾಲೆಗೂ ದಾರಿಯುಂಟು. ಪರಮಪದ ಸೋಪಾನಪಟದಲ್ಲಿ ಏಣಿ ಪುಣ್ಯ, ಹಾವು ಪಾಪ. ಇಡೀ ಪಟವೇ ಬಾಳಿನ ರೂಪಕ. ಕನ್ನಡ ತರಗತಿಯಲ್ಲಿ ಕಲಿತ ಅಲಂಕಾರಗಳೂ ನೆರವಿಗೆ ಬರುತ್ತವೆ. ‘ಮನಸ್ಸು ಕುಣಿಗಲ್ ಕೆರೆಯಂತೆ ತುಂಬಿತು’ ಎಂದರೆ ಉಪಮೆ. ಅದೇ ಇಂಗ್ಲಿಷಿನ ‘ಸಿಮಿಲಿ’. ‘ಮನಸ್ಸೆಂಬ ಕೆರೆ ತುಂಬಿತು’ ಎಂದರೆ ರೂಪಕ, ಅದು ‘ಮೆಟಫರ್’. ಹೊಗಳಿಕೆಯ ಸೋಗಿನಲ್ಲಿ ತೆಗಳುವ ವ್ಯಾಜಸ್ತುತಿಯನ್ನು ಬಲ್ಲವನಿಗೆ ಮಾತಿನ ‘ಐರನಿ’ಯೂ ದೂರದ್ದಲ್ಲ.

ಆದರೆ ಆಟವು ಸಾಧನವೇ ಹೊರತು ಗುರಿಯಲ್ಲ. ಹತ್ತು ನಿಮಿಷ ಆಟವನ್ನು ಚರ್ಚಿಸಿದ ಮೇಲೆ ವಿದ್ಯಾರ್ಥಿಯು ಪದ್ಯಕ್ಕೆ ಮರಳಿ, ಅದೇ ಅಲಂಕಾರವನ್ನು ಅಲ್ಲಿ ತಾನೇ ಗುರುತಿಸಬೇಕು. ಮರಳದಿದ್ದರೆ ಉಳಿಯುವುದು ಬರಿಯ ವಿನೋದ. ಮರಳಿದರೆ, ಇಂಗ್ಲಿಷ್ ಪದ್ಯವು ಪರೀಕ್ಷೆಯ ಭಯವಾಗಿ ಉಳಿಯದು. ತಾನು ಮೊದಲೇ ಕಂಡ ಲೋಕಕ್ಕೆ ತೆರೆದ ಮತ್ತೊಂದು ಬಾಗಿಲಾಗಿ ತೋರುವುದು.